ಸಾಕ್ಷಿ ವಿದೇಶದಲ್ಲಿ, ಸಾಕ್ಷ್ಯ ಪೆನ್‌ಡ್ರೈವ್‌ನಲ್ಲಿ: ನನ್ನ ಅನುಭವ

ನಾನು ನಡೆಸಿದ ಒಂದು ಸಿವಿಲ್ ದಾವೆಯಲ್ಲಿ ಮುಖ್ಯ ಸಾಕ್ಷಿ ವಿದೇಶದಲ್ಲಿದ್ದರು. ನಮ್ಮ ಕೈಲಿದ್ದ ದೊಡ್ಡ ಆಧಾರ ಕಕ್ಷಿದಾರರ ಕಚೇರಿಯ ಸಿಸಿಟಿವಿ ದೃಶ್ಯ. ಸಾಕ್ಷಿ ಖುದ್ದಾಗಿ ಬರಲೇಬೇಕು ಎಂದು ಎದುರು ಪಕ್ಷದ ವಕೀಲರು ತಕರಾರು ತೆಗೆದರು. ಆದರೆ ಅಮೆರಿಕದಲ್ಲಿದ್ದ ವೈದ್ಯರೊಬ್ಬರ ಸಾಕ್ಷ್ಯವನ್ನು ವಿಡಿಯೋ ಕಾನ್ಫರೆನ್ಸ್ ಮೂಲಕ ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2003ರಲ್ಲೇ, ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ನಮ್ಮ ಅರ್ಜಿ ಮಂಜೂರಾಯಿತು.

ಜಾಸ್ತಿ ಕೆಲಸ ಹಿಡಿದಿದ್ದು ಸಿಸಿಟಿವಿ ದೃಶ್ಯ. ಕಕ್ಷಿದಾರರು ಅದನ್ನು ನನಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ವಿಷಯ ತಿಳಿಯೋಕೆ ಅದು ಸಾಕು, ಕೋರ್ಟಿಗೆ ಸಾಲದು. ವಾಟ್ಸಾಪ್ ವಿಡಿಯೋವನ್ನು ಕುಗ್ಗಿಸಿ ಕಳಿಸುತ್ತದೆ. ಕಣ್ಣಿಗೆ ಒಂದೇ ಥರ ಕಂಡರೂ ಫೈಲ್ ಬೇರೆಯದೇ ಆಗಿರುತ್ತದೆ. ಹಾಗಾಗಿ ಕಂಪ್ಯೂಟರ್ ತಜ್ಞರೊಬ್ಬರನ್ನು ಕರೆದುಕೊಂಡು ಹೋಗಿ ರೆಕಾರ್ಡರ್‌ನಿಂದಲೇ ಪೆನ್‌ಡ್ರೈವ್‌ಗೆ ಪ್ರತಿ ತೆಗೆಸಿದೆ. ಇದಕ್ಕೆ ತಡ ಮಾಡುವಂತಿಲ್ಲ, ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂತುಬಿಡುತ್ತದೆ. ಅಲ್ಲೇ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಫೈಲ್‌ನ ಬೆರಳಚ್ಚಿನಂಥ ಗುರುತು, ತೆಗೆಸಿದೆ. ಫೈಲ್‌ನಲ್ಲಿ ಕೂದಲೆಳೆಯಷ್ಟು ಬದಲಾವಣೆ ಆದರೂ ಆ 64 ಅಕ್ಷರ-ಅಂಕಿಗಳ ಸಾಲು ಪೂರ್ತಿ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ನಮೂದಿಸಬೇಕು. 'ಎ' ಭಾಗ ಪಕ್ಷಕಾರರದ್ದು, 'ಬಿ' ಭಾಗ ತಜ್ಞರದ್ದು. ಒಂದು ಭಾಗ ತುಂಬಿ ಇನ್ನೊಂದನ್ನು ಖಾಲಿ ಬಿಟ್ಟು ಬರುವವರನ್ನು ಈಗಲೂ ನೋಡುತ್ತೇನೆ. ಒಳ್ಳೆಯ ಕೇಸು ಇಂಥದ್ದಕ್ಕೆ ಕುಂಟಬಾರದು ಅಲ್ವಾ?

ಸಾಕ್ಷಿ ಕೂತಿದ್ದು ಭಾರತೀಯ ಕಾನ್ಸುಲೇಟ್‌ನ ಕೋಣೆಯಲ್ಲಿ. ಅಲ್ಲಿನ ಅಧಿಕಾರಿಯೇ ಆ ತುದಿಯ ಸಂಯೋಜಕರು. ದಾಖಲೆಗಳ ಪ್ರತಿಗಳನ್ನು ಪುಟಸಂಖ್ಯೆ ಹಾಕಿ ಮೊದಲೇ ತಲುಪಿಸಿದ್ದೆವು. ಇಲ್ಲದಿದ್ದರೆ ಪರದೆಯ ಮೇಲೆ ಸಣ್ಣ ಅಕ್ಷರ ಹುಡುಕುವುದರಲ್ಲೇ ಸಮಯ ಹೋಗುತ್ತದೆ. ಗುರುತಿನ ಪತ್ರ ನೋಡಿದ ಮೇಲೆ, ಕೋಣೆಯಲ್ಲಿ ಬೇರೆ ಯಾರೂ ಇಲ್ಲವೆಂದು ಅಧಿಕಾರಿಯ ಬಾಯಿಂದಲೇ ಹೇಳಿಸಿ ದಾಖಲು ಮಾಡಿಸಿದೆ. ಇದು ನನ್ನ ಸಾಕ್ಷಿಯ ರಕ್ಷಣೆಗೇ. ಪಕ್ಕದಲ್ಲಿ ಯಾರೋ ಹೇಳಿಕೊಡುತ್ತಿದ್ದಾರೆ ಅನ್ನುವ ಅನುಮಾನ ಒಮ್ಮೆ ಹುಟ್ಟಿದರೆ, ನಿಜ ಹೇಳಿದವರ ಮಾತಿಗೂ ತೂಕ ಇರುವುದಿಲ್ಲ. ಧ್ವನಿ ಸ್ವಲ್ಪ ತಡವಾಗಿ ಬರುತ್ತಿತ್ತು. ಪ್ರಶ್ನೆ ಪೂರ್ತಿ ಕೇಳಿಸಿಕೊಂಡು, ಒಂದು ಉಸಿರು ಬಿಟ್ಟು ಉತ್ತರಿಸಿ ಎಂದು ಸಾಕ್ಷಿಗೆ ಮೊದಲೇ ತಿಳಿಸಿದ್ದೆ.

ಪಾಟೀಸವಾಲಿನಲ್ಲಿ ನಿರೀಕ್ಷಿಸಿದ ಪ್ರಶ್ನೆಯೇ ಬಂತು: ವಿಡಿಯೋ ತಿದ್ದಿದ್ದೀರಿ ಅಂದರೆ ಏನು ಹೇಳ್ತೀರಿ? ತೆರೆದ ನ್ಯಾಯಾಲಯದಲ್ಲೇ ಹ್ಯಾಶ್ ಮತ್ತೆ ತೆಗೆಯಲು ಅನುಮತಿ ಕೇಳಿದೆ. ಎರಡೂ ಕಡೆಯ ವಕೀಲರು ಪ್ರಮಾಣಪತ್ರದ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿದೆವು. ಎಲ್ಲವೂ ಹೊಂದಿತು. ಪೆನ್‌ಡ್ರೈವ್ ನಿಶಾನೆಯಾಗಿ, ಅಂದರೆ ಕೋರ್ಟಿನ ದಾಖಲೆಯಲ್ಲಿ ಸಾಕ್ಷ್ಯವಾಗಿ, ಗುರುತಾಯಿತು.