ಡಿಎನ್‌ಎ ವೇಷ ಹಾಕುವ ಪ್ರೋಟೀನು: ಟಿ7 ಫೇಜಿನ ಓಸಿಆರ್ ಜೊತೆ ಕೆಲಸ ಮಾಡುವಾಗ

ಬ್ಯಾಕ್ಟೀರಿಯಾಗಳಿಗೆ ಸೋಂಕು ತಗಲಿಸುವ ವೈರಸ್ಸಾದ ಟಿ7 ಫೇಜ್ ತನ್ನ ಡಿಎನ್‌ಎಯನ್ನು ಇ. ಕೋಲೈ ಬ್ಯಾಕ್ಟೀರಿಯಾದ ಒಳಗೆ ಇಳಿಸಲು ಶುರುಮಾಡಿದಾಗ ಮೊಟ್ಟಮೊದಲು ಕೆಲಸಕ್ಕೆ ಇಳಿಯುವುದು ಜೀನ್ 0.3. ಅದರ ಪ್ರೋಟೀನು ಓಸಿಆರ್. ಚಿಕ್ಕದು, 117 ಅಮೈನೋ ಆಮ್ಲ. ಮೊದಲ ಮೆಥಿಯೋನಿನ್ ಕಳಚಿದರೆ 116. ಇದರಲ್ಲಿ ಋಣ ವಿದ್ಯುದಂಶದ ಆಸ್ಪಾರ್ಟೇಟ್, ಗ್ಲುಟಮೇಟ್ ಸೇರಿ 34 ಇವೆ. ಧನ ವಿದ್ಯುದಂಶದ ಲೈಸಿನ್, ಆರ್ಜಿನಿನ್ ಸೇರಿದರೂ 6 ದಾಟುವುದಿಲ್ಲ. ಅಂದರೆ ಒಂದು ಸರಪಳಿಗೆ ಸುಮಾರು −28, ಜೋಡಿಗೆ −56 ವಿದ್ಯುದಂಶ. ಬೆಂಚಿನ ಮೇಲೆ ಮುಂದೆ ಕಾಡುವ ಬಹುತೇಕ ಸಮಸ್ಯೆಗಳ ಮೂಲ ಈ ಲೆಕ್ಕದಲ್ಲೇ ಇದೆ.

2002ರಲ್ಲಿ ಎಡಿನ್‌ಬರಾದ ತಂಡ ಇದರ ಹರಳಿನ ರಚನೆ ಪ್ರಕಟಿಸಿತು. ಎರಡು ಸರಪಳಿ ಸೇರಿ ಬಾಳೆಹಣ್ಣಿನಂತೆ ಬಾಗಿದ ಉದ್ದನೆಯ ಆಕಾರ. ಮೈಮೇಲಿನ ಋಣ ವಿದ್ಯುದಂಶಗಳು ಬಾಗಿದ ಡಿಎನ್‌ಎಯ ಸುಮಾರು 24 ಬೇಸ್ ಜೋಡಿಗಳ ಫಾಸ್ಫೇಟುಗಳನ್ನು ಅನುಕರಿಸುತ್ತವೆ. ಇಕೋಕೆಐನಂಥ, ಹೊರಗಿನ ಡಿಎನ್‌ಎ ಕತ್ತರಿಸುವ ಟೈಪ್ 1 ರಿಸ್ಟ್ರಿಕ್ಷನ್ ಕಿಣ್ವ ಡಿಎನ್‌ಎ ಹಿಡಿಯಬೇಕಾದ ಜಾಗದಲ್ಲಿ ಇದನ್ನು ಹಿಡಿದು ಕೂರುತ್ತದೆ, ಫೇಜಿನ ಡಿಎನ್‌ಎ ಬಚಾವಾಗುತ್ತದೆ. ಇಂಥ ಬೇರೆ ಪ್ರೋಟೀನಿನ ಮಾದರಿಯನ್ನು ರಚನೆ ಊಹಿಸುವ ತಂತ್ರಾಂಶ ಆಲ್ಫಾಫೋಲ್ಡ್‌ನಲ್ಲಿ ಕಟ್ಟುವಾಗಲೂ ಎರಡು ಸರಪಳಿ ಕೊಟ್ಟೇ ನೋಡಿ. ಒಂದೇ ಸರಪಳಿ ಕೊಟ್ಟರೆ ಬಾಗೂ ಕಾಣದು, ಉದ್ದವೂ ಕಾಣದು. ‘ಆಮ್ಲೀಯ ಹೆಲಿಕ್ಸ್ ಗೊಂಚಲು’ ಎಂದು ಬರೆದು ಮುಗಿಸಿಬಿಡುತ್ತೇವೆ.

ಇನ್ನು ಶುದ್ಧೀಕರಣ. ಡಿಎನ್‌ಎಯನ್ನು ಹೊರಹಾಕಲು ನಾವು ಬಳಸುವ ಹೆಚ್ಚಿನ ಉಪಾಯಗಳು ಓಸಿಆರ್ ಅನ್ನೂ ಡಿಎನ್‌ಎ ಎಂದೇ ಭಾವಿಸುತ್ತವೆ. ಪಾಲಿಎಥಿಲೀನ್‌ಇಮೈನ್ ಹಾಕಿದರೆ ನ್ಯೂಕ್ಲಿಕ್ ಆಮ್ಲದ ಜೊತೆ ಪ್ರೋಟೀನೂ ತಳಕ್ಕೆ ಇಳಿಯುತ್ತದೆ, ಹಾಗಾಗಿ ಅದು ಬೇಡ. ನಿಕಲ್‌ಗೆ ಅಂಟುವ ಹಿಸ್ಟಿಡಿನ್ ಟ್ಯಾಗ್ ಇರುವ ಪ್ಲಾಸ್ಮಿಡ್, ಬಿಎಲ್21(ಡಿಇ3) ಎಂಬ ಇ. ಕೋಲೈ ಕೋಶ, ಓಡಿ (ಕೋಶಗಳ ದಟ್ಟಣೆಯ ಅಳತೆ) 0.6ಕ್ಕೆ ಪ್ರೋಟೀನು ತಯಾರಿ ಶುರುಮಾಡಿಸುವ ಐಪಿಟಿಜಿ 0.4 ಮಿಲಿಮೋಲಾರ್, 30 ಡಿಗ್ರಿಯಲ್ಲಿ ನಾಲ್ಕು ತಾಸು. ಕೋಶ ಒಡೆಯುವ ಬಫರ್: 20 ಮಿಲಿಮೋಲಾರ್ ಟ್ರಿಸ್ ಪಿಎಚ್ 8.0, 50 ಮಿಲಿಮೋಲಾರ್ ಉಪ್ಪು, 2 ಮಿಲಿಮೋಲಾರ್ ಮೆಗ್ನೀಶಿಯಂ ಕ್ಲೋರೈಡ್, ಜೊತೆಗೆ ಡಿಎನ್‌ಎ ಕತ್ತರಿಸುವ ನ್ಯೂಕ್ಲಿಯೇಸ್ ಕಿಣ್ವ ಬೆಂಜೊನೇಸ್. ಇಡಿಟಿಎ ಹಾಕಬೇಡಿ, ಅದು ಮೆಗ್ನೀಶಿಯಂ ಕಸಿದುಕೊಂಡರೆ ನ್ಯೂಕ್ಲಿಯೇಸ್ ನಿಂತುಹೋಗುತ್ತದೆ. ಉಪ್ಪು ಜಾಸ್ತಿಯಾದರೂ ಬೆಂಜೊನೇಸ್ ಮಂಕಾಗುವುದರಿಂದ ಮೊದಲು ಕಡಿಮೆ ಉಪ್ಪಿನಲ್ಲಿ 20 ನಿಮಿಷ ಕತ್ತರಿಸಲು ಬಿಟ್ಟು, ಆಮೇಲೆ 500 ಮಿಲಿಮೋಲಾರ್‌ಗೆ ಏರಿಸಿ ನಿಕಲ್ ಕಾಲಂಗೆ ಹಾಕುವುದು. ಟೆವ್ ಪ್ರೋಟಿಯೇಸ್‌ನಿಂದ ಟ್ಯಾಗ್ ಕತ್ತರಿಸಿ, ಋಣ ವಿದ್ಯುದಂಶದವನ್ನು ಹಿಡಿಯುವ ಕ್ಯೂ ಕಾಲಂನಲ್ಲಿ 50ರಿಂದ 1000 ಮಿಲಿಮೋಲಾರ್ ತನಕ ಉಪ್ಪನ್ನು ನಿಧಾನವಾಗಿ ಏರಿಸುವುದು. ಓಸಿಆರ್ ಗಟ್ಟಿಯಾಗಿ ಅಂಟಿಕೊಂಡು ತಡವಾಗಿ ಹೊರಬರುತ್ತದೆ. ಉಳಿದ ಡಿಎನ್‌ಎ ತುಣುಕುಗಳು ಬರುವುದೂ ಅದೇ ಆಸುಪಾಸಿನಲ್ಲಿ!

ಜೆಲ್ ನೋಡಿ ಗಾಬರಿಯಾಗುವವರು ಬಹಳ. ಕೂಮಾಸಿ ಬಣ್ಣ ಹಿಡಿಯುವುದು ಮುಖ್ಯವಾಗಿ ಆರ್ಜಿನಿನ್, ಲೈಸಿನ್‌ಗಳಿಗೆ. ಅವೇ ಕಡಿಮೆ ಇರುವುದರಿಂದ ಪಟ್ಟಿ ಮಸುಕು, ಅದೇ ಬಣ್ಣ ಬಳಸುವ ಬ್ರಾಡ್‌ಫರ್ಡ್ ಅಳತೆಯೂ ಕಡಿಮೆ ತೋರಿಸುತ್ತದೆ. ಜೆಲ್‌ನಲ್ಲಿ ಬಳಸುವ ಮಾರ್ಜಕ ಎಸ್‌ಡಿಎಸ್ ಸರಿಯಾಗಿ ಅಂಟದೆ ಪಟ್ಟಿ 14 ಕಿಲೋಡಾಲ್ಟನ್‌ಗಿಂತ ಮೇಲೆ ನಿಂತೀತು. ಗಾತ್ರದ ಮೇಲೆ ಬೇರ್ಪಡಿಸುವ ಜೆಲ್ ಫಿಲ್ಟ್ರೇಶನ್‌ನಲ್ಲಿ 27–28 ಕಿಲೋಡಾಲ್ಟನ್ ಜೋಡಿ ತನ್ನ ಉದ್ದನೆಯ ಆಕಾರದಿಂದಾಗಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ಅದನ್ನು ನೋಡಿ ನಾಲ್ಕರ ಗುಂಪು ಎಂದು ಬರೆಯಬೇಡಿ. ಸಾಂದ್ರತೆಯನ್ನು 280 ನ್ಯಾನೊಮೀಟರ್‌ನಲ್ಲೇ ಅಳೆಯಿರಿ. ಒಂದು ಟ್ರಿಪ್ಟೊಫಾನ್, ಎಂಟು ಟೈರೊಸಿನ್ ಲೆಕ್ಕದಲ್ಲಿ ಮೋಲಾರ್ ಹೀರುವಿಕೆ 17,420 ಬರುತ್ತದೆ. 260/280 ಅನುಪಾತ 0.6ರ ಹತ್ತಿರ ಇರಬೇಕು. 0.9 ಬಂದರೆ ಕೊಳವೆಯಲ್ಲಿ ಡಿಎನ್‌ಎ ಇದೆ ಎಂದೇ ಅರ್ಥ, ಮರಳಿ ಬೆಂಜೊನೇಸ್‌ಗೆ.

ಇಷ್ಟು ಹಟ ಯಾಕೆಂದರೆ, ಡಿಎನ್‌ಎ ಬೆರೆತಿದ್ದರೂ ಕಿಣ್ವ ತಡೆಯಾದಂತೆಯೇ ಕಾಣುತ್ತದೆ. ಅಸಲಿ ಡಿಎನ್‌ಎಯೇ ಪೈಪೋಟಿಗೆ ನಿಂತಿರುತ್ತದೆ, ಹೆಸರು ಮಾತ್ರ ಪ್ರೋಟೀನಿಗೆ. ಹಾಗಾಗಿ ಮಾದರಿಯ ಒಂದು ಪಾಲಿಗೆ ಪ್ರೋಟೀನು ಚೂರುಮಾಡುವ ಕಿಣ್ವ ಪ್ರೋಟೀನೇಸ್ ಕೆ ಹಾಕಿ, 95 ಡಿಗ್ರಿಯಲ್ಲಿ 10 ನಿಮಿಷ ಬಿಸಿ ಮಾಡಿ, ಅದನ್ನೂ ಪರೀಕ್ಷೆಗೆ ಇಡಿ. ತಡೆ ಮಾಯವಾಗಬೇಕು. ಆಗದಿದ್ದರೆ ಅದು ಓಸಿಆರ್ ಕೆಲಸವಲ್ಲ.

ಇನ್ನೊಂದು ತೊಡಕು ಪ್ಲಾಸ್ಮಿಡ್‌ನದು. ಕತ್ತರಿಸುವ ಪರೀಕ್ಷೆಗೆ ಇ. ಕೋಲೈ ತಳಿ ಡಿಎಚ್5ಆಲ್ಫಾದಲ್ಲಿ ತಯಾರಿಸಿದ ಪ್ಲಾಸ್ಮಿಡ್ ತಂದರೆ ಇಕೋಕೆಐ ಅದನ್ನು ಮುಟ್ಟುವುದೇ ಇಲ್ಲ. ಆ ತಳಿ ಕತ್ತರಿಸುವುದಿಲ್ಲ ನಿಜ, ಆದರೆ ಮಿಥೈಲ್ ಗುರುತು ಹಾಕುತ್ತದೆ, ಗುರುತಿದ್ದ ಡಿಎನ್‌ಎಯನ್ನು ಇಕೋಕೆಐ ತನ್ನದೆಂದು ಬಿಟ್ಟುಬಿಡುತ್ತದೆ. ಪ್ಲಾಸ್ಮಿಡ್ ಅನ್ನು ಬಿಎಲ್21ನಲ್ಲಿ ತಯಾರಿಸಿ; ಆದರೆ ಅಲ್ಲಿ ಎಂಡಾ ನ್ಯೂಕ್ಲಿಯೇಸ್ ಇರುವುದರಿಂದ ಕಿಟ್‌ನ ಹೆಚ್ಚುವರಿ ತೊಳೆಯುವ ಹಂತ ಬಿಡಬೇಡಿ. ಇಕೋಕೆಐ ಕತ್ತರಿಸಲು ಎಟಿಪಿ, ಎಸ್-ಅಡೆನೊಸಿಲ್‌ಮೆಥಿಯೋನಿನ್, ಮೆಗ್ನೀಶಿಯಂ ಮೂರೂ ಬೇಕು.

ಕೋಶದೊಳಗಿನ ಪರೀಕ್ಷೆಗೆ ಲ್ಯಾಂಬ್ಡಾ ಫೇಜ್ ಸಾಕು. ಇ. ಕೋಲೈ ಸಿ ತಳಿಯಲ್ಲಿ ಬೆಳೆಸಿದ, ಗುರುತಿಲ್ಲದ ಲ್ಯಾಂಬ್ಡಾವನ್ನು ಇಕೋಕೆಐ ಇರುವ ಕೆ-12 ತಳಿಯ ಮೇಲೆ ಹರಡಿದರೆ ಪ್ಲೇಕುಗಳು (ಫೇಜ್ ಕೋಶಗಳನ್ನು ಕೊಂದಲ್ಲಿ ಮೂಡುವ ತಿಳಿ ಚುಕ್ಕೆಗಳು) ಹತ್ತು ಸಾವಿರಕ್ಕೆ ಒಂದರ ಆಸುಪಾಸಿಗೆ ಇಳಿಯುತ್ತವೆ. ಓಸಿಆರ್ ಇರುವ ಕೆ-12 ಮೇಲೆ ಸಂಖ್ಯೆ ಮತ್ತೆ ಮೇಲೇರಬೇಕು. ಕೋಶಗಳನ್ನು 0.2 ಶೇಕಡ ಮಾಲ್ಟೋಸ್, 10 ಮಿಲಿಮೋಲಾರ್ ಮೆಗ್ನೀಶಿಯಂನಲ್ಲಿ ಬೆಳೆಸಿ, 0.7 ಶೇಕಡ ಮೃದು ಅಗರ್‌ನಲ್ಲಿ 45 ಡಿಗ್ರಿ ಹೊತ್ತಿಗೆ ಬೆರೆಸಿ ಸುರಿಯುತ್ತೇವೆ. ಅರಾಬಿನೋಸ್ ಪ್ರಮೋಟರ್ ಬಳಸುವವರು ‘ಆಫ್’ ಮಾಡಲು ಗ್ಲೂಕೋಸ್ ಹಾಕುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ: ಗ್ಲೂಕೋಸ್ ಲ್ಯಾಂಬ್ಡಾ ಅಂಟಿಕೊಳ್ಳುವ ಲ್ಯಾಮ್‌ಬಿ ಪ್ರೋಟೀನನ್ನೂ ತಗ್ಗಿಸುತ್ತದೆ, ಪ್ಲೇಕು ಕಡಿಮೆಯಾಗಿದ್ದು ರಿಸ್ಟ್ರಿಕ್ಷನ್‌ನಿಂದಲೋ ಫೇಜ್ ಅಂಟದ್ದರಿಂದಲೋ ಗೊತ್ತಾಗದು. ರಿಸ್ಟ್ರಿಕ್ಷನ್ ಇಲ್ಲದ ತಳಿಯ ತಟ್ಟೆ ಪಕ್ಕದಲ್ಲಿರಲಿ. ಕೆ-12 ತಟ್ಟೆಯಿಂದ ಚುಚ್ಚಿದ ಪ್ಲೇಕನ್ನು ಮತ್ತೆ ಬಳಸಬೇಡಿ, ಅದರೊಳಗಿನ ಫೇಜ್‌ಗೆ ಆಗಲೇ ಗುರುತು ಬಿದ್ದಿರುತ್ತದೆ.

ಇಕೋಕೆಐ ತಡೆಯಾಯಿತೆಂದು ಓಸಿಆರ್ ಮಾಡುವ ಕೆಲಸಗಳ ಪಟ್ಟಿಯನ್ನು ಮುಚ್ಚುವ ಹಾಗಿಲ್ಲ. 2020ರಲ್ಲಿ ಇದೇ ಓಸಿಆರ್ ಫೇಜ್ ವಿರುದ್ಧ ಬ್ಯಾಕ್ಟೀರಿಯಾಗಳಿಗಿರುವ ಬ್ರೆಕ್ಸ್ ಎಂಬ ರಕ್ಷಣಾ ವ್ಯವಸ್ಥೆಯನ್ನೂ ತಡೆಯುತ್ತದೆಂದು ತಿಳಿಯಿತು. ಅದೇ ವರ್ಷ ಆತಿಥೇಯ ಕೋಶದಲ್ಲಿ ಜೀನ್ ಓದುವ ಕಿಣ್ವವಾದ ಆರ್‌ಎನ್‌ಎ ಪಾಲಿಮರೇಸ್‌ಗೆ ಓಸಿಆರ್ ಅಂಟಿದ ರಚನೆಯೂ ಬಂತು. ಹಾಗಾಗಿ ಓಸಿಆರ್ ಕೂಡಿಸಿದ ಕೋಶಗಳ ಬೆಳವಣಿಗೆ ನಿಧಾನವಾದರೆ ಪ್ಲಾಸ್ಮಿಡ್‌ನ ಹೊರೆ ಎಂದು ತಳ್ಳಿಹಾಕದೆ, ಖಾಲಿ ಪ್ಲಾಸ್ಮಿಡ್ ಕೋಶದ ಜೊತೆ ಓಡಿಯನ್ನು ಅರ್ಧ ತಾಸಿಗೊಮ್ಮೆ ಬರೆದಿಡಿ. ಒಂದೆರಡು ಗ್ಲುಟಮೇಟ್ ಬದಲಿಸಿ ಪರಿಣಾಮ ಹುಡುಕುವುದಕ್ಕಿಂತ, ಒಂದು ಮಗ್ಗುಲಿನ ಹಲವು ವಿದ್ಯುದಂಶಗಳನ್ನು ಒಟ್ಟಿಗೆ ಅಳಿಸಿ ಮೇಲಿನ ಎರಡೂ ಪರೀಕ್ಷೆ ಮಾಡುವುದು ಲೇಸು. ಅಂಟುವ ಮೈ ಅಷ್ಟು ವಿಶಾಲವಾಗಿದೆ.