ಅಪ್ಪನ ಬುಲೆಟ್ಟಿಗೆ 500ರ ಎಂಜಿನ್: ಫ್ರೇಮ್ ಕತ್ತರಿಸದೆ ಕೂರಿಸುವ ಬಗೆ

ನಮ್ಮ ಮನೆಯ ಬುಲೆಟ್ 1976ರದ್ದು. ಒಂದು ವರ್ಷ ಹತ್ತಿ ಚೆನ್ನಾಗಿ ಬಂದಿತ್ತು, ಆಗ ಅಪ್ಪ ಕೊಂಡ ಗಾಡಿ. ಅದರ 350 ಸಿಸಿ ಎಂಜಿನ್ ಮೂರು ಸಲ ಬೋರ್ ಆಗಿತ್ತು, ಅಂದರೆ ಸವೆದ ಸಿಲಿಂಡರನ್ನು ಒಳಗೆ ಕೊರೆದು ಅಗಲ ಮಾಡಿಸಿದ್ದೆವು. ಎರಡು ಸಲ ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್ನಿನ ಕೆಳಗಿನ ಪೆಟ್ಟಿಗೆ, ವೆಲ್ಡ್ ಆಗಿತ್ತು. ಕೊನೆಗೆ ಬೇರಿಂಗ್ ಕೂರುವ ಜಾಗವೇ ಸಡಿಲವಾಯಿತು. ಆದರೆ ಫ್ರೇಮ್ ಇನ್ನೂ ಗಟ್ಟಿಯಾಗಿತ್ತು. ಅದರಲ್ಲಿ ಈಗ 500ರ ಎಂಜಿನ್ ಓಡುತ್ತಿದೆ. ದಾವಣಗೆರೆಯ ಹುಡುಗರು ಗಾಡಿ ನೋಡಿ "ಅಣ್ಣ, ಹೆಂಗೆ ಕೂರಿಸಿದಿರಿ?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆ ನಿಂತಲ್ಲೇ ಎಲ್ಲ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹರಿಹರದಲ್ಲಿ ಲೇತ್ ಕೆಲಸ ಕಲಿತವನು. ಮೈಸೂರು ಕಿರ್ಲೋಸ್ಕರ್‌ನವರು ಲೇತ್ ತಯಾರಿಸುತ್ತಿದ್ದ ಊರು ಅದು. ಅಲ್ಲಿ ನನಗೆ ಕೆಲಸ ಹೇಳಿಕೊಟ್ಟ ಹಿರಿಯರು ಅಳತೆ ತೆಗೆಯದೆ ಟೂಲ್ ಮುಟ್ಟಲು ಬಿಡುತ್ತಿರಲಿಲ್ಲ. ಈ ಕೆಲಸಕ್ಕೂ ಅದೇ ಬೇಕು. ಎಂಜಿನ್ ಎತ್ತಿ ಇಡುವುದು ಅರ್ಧ ದಿನದ ಕೆಲಸ. ನನಗೆ ಹಿಡಿದದ್ದು ಒಂದೂವರೆ ತಿಂಗಳು. ಉಳಿದ ದಿನವೆಲ್ಲ ಹೋದದ್ದು ಅಳತೆಗೆ, ನೇರಕ್ಕೆ, ಬ್ರೇಕಿಗೆ.

ಮೊದಲು ಆರ್‌ಟಿಒ ಆಫೀಸಿಗೆ ಹೋಗಿ. ಎಂಜಿನ್ ಹುಡುಕುವುದು ಆಮೇಲೆ. ಆರ್‌ಸಿಯಲ್ಲಿ ಇರುವ ವಿವರಕ್ಕೂ ಕಂಪನಿಯವರು ಮೂಲದಲ್ಲಿ ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವಂತೆ ಏನನ್ನೂ ಬದಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಎಂಜಿನ್ ಬದಲಿಸಲು ಒಪ್ಪಿಗೆ ಬೇಕು. ಹೊಸ ಎಂಜಿನ್ ನಂಬರ್ ಆರ್‌ಸಿಗೆ ಏರಬೇಕು. ಇನ್ಶೂರೆನ್ಸ್‌ಗೂ ತಿಳಿಸಬೇಕು. ಒಪ್ಪಿಗೆ ಕೈಗೆ ಬರುವ ತನಕ ನಾನು ಎಂಜಿನ್ನಿಗೆ ಒಂದು ರೂಪಾಯಿಯೂ ಕೊಡಲಿಲ್ಲ. ಒಪ್ಪಿಗೆ ಸಿಗದಿದ್ದರೆ ಈ ಕೆಲಸ ಬಿಟ್ಟುಬಿಡಿ, ಹಳೆ ಎಂಜಿನ್ನನ್ನೇ ರಿಪೇರಿ ಮಾಡಿಸಿ. ಪೇಪರ್ ಇಲ್ಲದ ಎಂಜಿನ್ ಎಷ್ಟು ಸೋವಿಗೆ ಸಿಕ್ಕರೂ ಬೇಡ. ನಂಬರ್ ಉಜ್ಜಿದ ಗುರುತು ಕಂಡರೆ ಅಲ್ಲಿಂದ ಎದ್ದು ಬನ್ನಿ.

ಯಾವ ಎಂಜಿನ್? ಹಳೆ ಬುಲೆಟ್ ಫ್ರೇಮಿಗೆ ಹಳೆ ಕಾಸ್ಟ್ ಐರನ್ 500 ಮಾತ್ರ. ಎರಡರ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಒಂದೇ, 90 ಮಿಲಿಮೀಟರ್. 350ರ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 70; 500ರದ್ದು 84. ಆ 14 ಮಿಲಿಮೀಟರ್‌ನಲ್ಲೇ 346 ಸಿಸಿ ಹೋಗಿ 499 ಆಗುತ್ತದೆ. ಪವರ್ 18ರಿಂದ 22 ಬಿಎಚ್‌ಪಿಗೆ ಏರುತ್ತದೆ. ಕೇಳಲು ಕಡಿಮೆ ಅನಿಸಬಹುದು, ಆದರೆ ಕೆಳಗಿನ ಸ್ಪೀಡಿನ ಎಳೆತದಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಇಬ್ಬರು ಕೂತು ಚಿತ್ರದುರ್ಗದ ಕಡೆ ಏರು ಹತ್ತುವಾಗ ಮೊದಲಿನಷ್ಟು ಗೇರ್ ಇಳಿಸಬೇಕಾಗಿಲ್ಲ.

350ನ್ನೇ ಬೋರ್ ಮಾಡಿ 500 ಮಾಡಬಹುದಾ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಕ್ರ್ಯಾಂಕ್‌ಕೇಸಿನ ಬಾಯಿಯೇ ಅಷ್ಟು ದೊಡ್ಡದಿಲ್ಲ. ಹೊಸ ಯುಸಿಇ ಎಂಜಿನ್ ಸಿಗುತ್ತದೆ, ಅದನ್ನು ಹಾಕೋಣ ಅನ್ನುವವರೂ ಇದ್ದಾರೆ. ಅದರಲ್ಲಿ ಎಂಜಿನ್ನು ಗೇರ್‌ಬಾಕ್ಸು ಎರಡೂ ಒಂದೇ ಕೇಸಿನಲ್ಲಿವೆ. ಹಳೆ ಫ್ರೇಮಿಗೆ ಅದು ಕೂರಬೇಕಾದರೆ ಫ್ರೇಮ್ ಕತ್ತರಿಸಬೇಕು. ಅದನ್ನು ನಾನು ಒಪ್ಪುವುದಿಲ್ಲ. ಎಂಜಿನ್ ನಾಳೆ ಇನ್ನೊಂದು ಸಿಗಬಹುದು. ಚಾಸಿ ನಂಬರ್ ಇರುವ ಈ ಫ್ರೇಮ್ ಇನ್ನೊಂದು ಸಿಗುವುದಿಲ್ಲ. ಮುಂದೆ ಯಾವತ್ತಾದರೂ ಹಳೆ ಎಂಜಿನ್ ವಾಪಸ್ ಕೂರಿಸುವ ಹಾಗೆ ಇರಬೇಕು.

ಈಗ ಫ್ರೇಮ್ ನೋಡೋಣ. ಬುಲೆಟ್ ಫ್ರೇಮಿನಲ್ಲಿ ಎಂಜಿನ್ ಕೆಳಗೆ ಪೈಪ್ ಇಲ್ಲ. ಮುಂದಿನ ಪೈಪ್ ಎಂಜಿನ್ ಎದುರಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಹಿಂದಿನ ತನಕ ಎಂಜಿನ್ನೇ ಫ್ರೇಮಿನ ಕೆಲಸ ಮಾಡುತ್ತದೆ. ಇದು ತಲೆಯಲ್ಲಿ ಇರಬೇಕು. ಎಂಜಿನ್ ತೆಗೆದ ಮೇಲೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಬಿಡಬೇಡಿ. ನಾನು ಮೇಲಿನ ತೊಲೆಗೆ ಹಗ್ಗ ಕಟ್ಟಿ, ಕೆಳಗೆ ಮರದ ದಿಮ್ಮಿ ಕೊಟ್ಟು ನಿಲ್ಲಿಸಿದ್ದೆ.

ಬಿರುಕು ಹುಡುಕಲು ದೊಡ್ಡ ಯಂತ್ರ ಬೇಡ. ಸೀಮೆಎಣ್ಣೆ, ಸುಣ್ಣ ಸಾಕು. ಹ್ಯಾಂಡಲ್ ಕೂರುವ ಕೊಳವೆಯ ಸುತ್ತ, ಮುಂದಿನ ಪೈಪಿನ ತುದಿ, ಸೀಟಿನ ಕೆಳಗಿನ ಪೈಪಿನ ಬುಡ, ಈ ಮೂರೂ ಕಡೆ ಬಣ್ಣ ಕೆರೆದು ಲೋಹ ಕಾಣಿಸಿ. ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ಚೆನ್ನಾಗಿ ಒರೆಸಿ. ಮೇಲೆ ತೆಳ್ಳಗೆ ಸುಣ್ಣ ಬಳಿದು ಒಣಗಿಸಿ. ಬಿರುಕಿದ್ದರೆ ಒಳಗಿನ ಎಣ್ಣೆ ಮೇಲೆ ಬಂದು ಸುಣ್ಣದಲ್ಲಿ ಕೂದಲಿನಂಥ ಗೆರೆ ಮೂಡುತ್ತದೆ. ನಮ್ಮ ಗಾಡಿಯಲ್ಲಿ ಸೀಟಿನ ಪೈಪಿನ ಬುಡದಲ್ಲಿ ಒಂದು ಗೆರೆ ಸಿಕ್ಕಿತು. ಅದನ್ನು ಸರಿ ಮಾಡಿಸದೆ ಮುಂದೆ ಹೋಗಲಿಲ್ಲ. ಹಿಂದಿನ ಚಕ್ರ ಹಿಡಿಯುವ ತೋಳಿನ, ಅಂದರೆ ಸ್ವಿಂಗ್‌ಆರ್ಮಿನ, ಬುಶ್ಶನ್ನೂ ಆಗಲೇ ಬದಲಿಸಿ. ಅದು ಸಡಿಲವಾಗಿ ಆಡುತ್ತಿದ್ದರೆ ಚೈನ್ ನೇರ ಮಾಡುವ ಕೆಲಸವೆಲ್ಲ ದಂಡ.

ಎಂಜಿನ್ ಕೂರಿಸಲು ಇಬ್ಬರು ಬೇಕು. ಸಿಲಿಂಡರ್, ಹೆಡ್ ಬಿಚ್ಚಿ ಬರೀ ಕೇಸ್ ಇಟ್ಟರೆ ಸಲೀಸು, ಬಣ್ಣವೂ ಉಳಿಯುತ್ತದೆ. ನನ್ನ ಗೇರ್‌ಬಾಕ್ಸ್ ಹೋದ ವರ್ಷ ತಾನೇ ರಿಪೇರಿ ಆಗಿತ್ತು. ಹಳೆ ನಾಲ್ಕು ಗೇರಿನದೇ. ಬುಲೆಟ್ಟಿನಲ್ಲಿ ಅದು ಬೇರೆಯಾಗಿಯೇ ಇದ್ದು ಕ್ರ್ಯಾಂಕ್‌ಕೇಸಿನ ಬೆನ್ನಿಗೆ ಬೋಲ್ಟ್ ಆಗುವುದರಿಂದ 500ರ ಕೇಸಿಗೆ ಅದನ್ನೇ ಸೇರಿಸಿದೆ.

ಇಲ್ಲಿಂದ ಅವಸರ ಬೇಡ. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲಿ ತಿರುಗಿಸಿ ಸಡಿಲವಾಗಿ ಹಾಕಿ. ಮುಂದಿನ ಪ್ಲೇಟು, ಹಿಂದಿನ ಪ್ಲೇಟು, ಹೆಡ್ ಹಿಡಿಯುವ ಮೇಲಿನ ಪಟ್ಟಿ, ಮೂರೂ ಕಡೆ ಎಂಜಿನ್ನಿಗೂ ಪ್ಲೇಟಿಗೂ ಎಷ್ಟು ಸಂದು ಇದೆ ಎಂದು ಫೀಲರ್ ಗೇಜಿನಲ್ಲಿ (ಸಂದಿಗೆ ತೂರಿಸಿ ಅಳೆಯುವ ತೆಳು ಪಟ್ಟಿ) ನೋಡಿ. ಬೋಲ್ಟ್ ಬಿಗಿದರೆ ಸಂದು ತಾನೇ ಮುಚ್ಚುತ್ತದೆ ಅಂದುಕೊಳ್ಳಬೇಡಿ. ಮುಚ್ಚುತ್ತದೆ ನಿಜ, ಆದರೆ ಪ್ಲೇಟನ್ನು ಬಗ್ಗಿಸಿ ಮುಚ್ಚುತ್ತದೆ. ಹಲವು ವರ್ಷದ ಹಿಂದೆ ಗೆಳೆಯನ ಗಾಡಿಗೆ ನಾನು ಹೀಗೇ ಮಾಡಿದ್ದೆ. ಹಿಂದೆ ಎರಡು ಮಿಲಿಮೀಟರ್ ಸಂದು ಇತ್ತು, ಸುಮ್ನೆ ಬಿಗಿದುಬಿಟ್ಟೆ. ಭರಮಸಾಗರ ದಾಟುವಾಗ ಮೇಲಿನ ಪಟ್ಟಿ ತುಂಡಾಯಿತು. ಗೆಳೆಯ ಗಾಡಿ ತಳ್ಳಿಕೊಂಡು ಬಂದ ಆ ರಾತ್ರಿ ನನಗೆ ಇನ್ನೂ ಮರೆತಿಲ್ಲ. ಬಿದ್ದಿದ್ದರೆ? ಅವತ್ತಿನಿಂದ ಪ್ರತಿ ಸಂದಿಗೂ ಲೇತ್‌ನಲ್ಲಿ ಅಳತೆಗೆ ಸರಿಯಾದ ವಾಷರ್ ಕಡೆದು ಹಾಕುತ್ತೇನೆ. ವಾಷರ್ ಸಂದಿಯಲ್ಲಿ ಬೆರಳಿನಿಂದ ಒತ್ತಿದರೆ ಹೋಗಬೇಕು, ಅಲುಗಾಡಬಾರದು.

ಮೇಲಿನ ಪಟ್ಟಿಯ ತೂತು ಕೂಡದಿದ್ದರೆ ಹಳೆಯದನ್ನು ಅರದಲ್ಲಿ ರಾವಿ ತೂತು ಅಗಲ ಮಾಡಬೇಡಿ. ದಪ್ಪ ತಗಡಿನಲ್ಲಿ ಹೊಸದು ಮಾಡಿ. ಇನ್ನೊಂದು ವಿಷಯ, ಹಳೆ ಬುಲೆಟ್ಟಿನ ಥ್ರೆಡ್ಡು ಇಂಚಿನ ಲೆಕ್ಕದ್ದು. ಮೆಟ್ರಿಕ್ ನಟ್ಟು ಎರಡು ಸುತ್ತು ಹತ್ತಿ ಬಿಗಿಯಾಯಿತೆಂದರೆ ಅದು ಕೂತಿಲ್ಲ, ಥ್ರೆಡ್ ತಿನ್ನುತ್ತಿದೆ. ಬಿಚ್ಚುವಾಗಲೇ ಪ್ರತಿ ಬೋಲ್ಟನ್ನೂ ಅದರ ನಟ್ಟಿಗೇ ಹಾಕಿಟ್ಟುಕೊಳ್ಳಿ.

ಈಗ ಚೈನ್. ಒಳಗಿನ ಪ್ರೈಮರಿ ಚೈನಿಗೆ ಎಂಜಿನ್ ಸ್ಪ್ರಾಕೆಟ್ಟು, ಕ್ಲಚ್ ಸ್ಪ್ರಾಕೆಟ್ಟು ಎರಡಕ್ಕೂ ಅಡ್ಡಲಾಗಿ ಉಕ್ಕಿನ ಪಟ್ಟಿ ಹಿಡಿದು ನೋಡಿ. ಬೆಳಕು ಕಾಣಬಾರದು. ಹಿಂದಿನ ಚೈನಿಗೆ ದಾರ ಕಟ್ಟಿ. ಹಿಂದಿನ ಚಕ್ರದ ಎರಡೂ ಬದಿಯಿಂದ ಮುಂದಿನ ಚಕ್ರದ ತನಕ ದಾರ ಎಳೆದರೆ ಚಕ್ರಗಳು ಒಂದೇ ಗೆರೆಯಲ್ಲಿವೆಯೇ ಅಂತ ಗೊತ್ತಾಗುತ್ತದೆ. ಮುಂದಿನ ಸ್ಪ್ರಾಕೆಟ್ ನನ್ನದು 16 ಹಲ್ಲಿನದಿತ್ತು, 17 ಹಾಕಿದೆ. ಹಿಂದಿನ 38 ಹಾಗೇ ಬಿಟ್ಟೆ. ಅದೇ ಸ್ಪೀಡಿಗೆ ಎಂಜಿನ್ ಸುತ್ತು ಶೇಕಡಾ 6ರಷ್ಟು ಇಳಿಯಿತು. ಕ್ಲಚ್ಚಿಗೆ 500ರ ಪ್ಲೇಟ್ ಸೆಟ್ ಮತ್ತು ಸ್ಪ್ರಿಂಗನ್ನೇ ಹಾಕಿ. 350ರ ಕ್ಲಚ್ ಈ ಎಳೆತಕ್ಕೆ ಜಾರುತ್ತದೆ.

ಎಲೆಕ್ಟ್ರಿಕ್ ಕೆಲಸ ಬೇಗ ಹೇಳಿಬಿಡುತ್ತೇನೆ. ನಮ್ಮದು 6 ವೋಲ್ಟಿನ ಗಾಡಿ, ಬಂದ ಎಂಜಿನ್ 12 ವೋಲ್ಟಿನದು. ಬ್ಯಾಟರಿ, ಕಾಯಿಲ್, ಹಾರ್ನ್, ಬಲ್ಬ್, ರೆಕ್ಟಿಫೈಯರ್ ಎಲ್ಲ ಬದಲಾಗಬೇಕು. ಅರ್ಧ ಹಳೆಯದು ಅರ್ಧ ಹೊಸದು ಮಾಡಿದರೆ ಸುಡುತ್ತದೆ. ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಕೂರಿಸುವಾಗ ಅದರೊಳಗೆ ತಿರುಗುವ ರೋಟರ್ ಸುತ್ತಲೂ 0.2 ಮಿಲಿಮೀಟರ್ ಗೇಜ್ ಒಂದೇ ಸಮ ಓಡಾಡಬೇಕು. ಕಾರ್ಬುರೇಟರ್ 24 ಮಿಲಿಮೀಟರಿನದರ ಬದಲು 28 ಮಿಲಿಮೀಟರಿನ ಮಿಕ್‌ಕಾರ್ಬ್.

ಬ್ರೇಕ್ ಬಿಟ್ಟು ಎಂಜಿನ್ ಮಾತ್ರ ಬದಲಿಸಬೇಡಿ, ದಯವಿಟ್ಟು. ನಮ್ಮದರಲ್ಲಿ ಮುಂದೆ ಒಂದೇ ಕ್ಯಾಮಿನ (ಬ್ರೇಕ್ ಶೂ ಅಗಲಿಸುವ ತುಂಡು) ಡ್ರಮ್ ಇತ್ತು. 500ರ 7 ಇಂಚಿನ, ಎರಡು ಕ್ಯಾಮಿನ ಡ್ರಮ್ ತಂದು ಚಕ್ರ ಹೊಸದಾಗಿ ಕಡ್ಡಿ ಕಟ್ಟಿಸಿದೆ. ಎರಡೂ ಕ್ಯಾಮ್ ಒಟ್ಟಿಗೆ ತೆರೆಯುವಂತೆ ನಡುವಿನ ರಾಡ್ ಅಡ್ಜಸ್ಟ್ ಮಾಡಬೇಕು. ಒಂದು ಮೊದಲು ತಾಗಿದರೆ ಎರಡು ಕ್ಯಾಮ್ ಇದ್ದೂ ಉಪಯೋಗವಿಲ್ಲ.

ಸ್ಟಾರ್ಟ್ ಮಾಡುವ ಮುಂಚೆ 20ಡಬ್ಲ್ಯು-50 ಆಯಿಲ್ ಹಾಕಿ. ಪ್ಲಗ್ ಬಿಚ್ಚಿ ಹತ್ತಾರು ಸಲ ಕಿಕ್ಕರ್ ತುಳಿಯಿರಿ. ಎಂಜಿನ್ ತಣ್ಣಗಿದ್ದಾಗ ಟ್ಯಾಪೆಟ್, ಅಂದರೆ ವಾಲ್ವ್ ತಳ್ಳುವ ಭಾಗದ ಸಂದು, ನೋಡಿ. ಅದರ ಮೇಲೆ ನಿಲ್ಲುವ ಉದ್ದ ಕಡ್ಡಿ, ಪುಷ್‌ರಾಡ್, ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಆಮೇಲೆ ಸಿಲಿಂಡರಿನ ಒತ್ತಡ ಬಿಡುವ ಲಿವರ್, ಅಂದರೆ ಡಿಕಾಂಪ್ರೆಸರ್, ಹಿಡಿದು, ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬರುವ ತನಕ ಕಿಕ್ಕರನ್ನು ಮೆಲ್ಲಗೆ ಒತ್ತಿ. ಡಿಕಾಂಪ್ರೆಸರ್ ಬಿಟ್ಟು ಪೂರ್ತಿ ತುಳಿಯಿರಿ. ಅರ್ಧ ಮನಸ್ಸಿನಿಂದ ತುಳಿದರೆ 500 ತಿರುಗಿ ಒದೆಯುತ್ತದೆ. ಚಪ್ಪಲಿ ಬೇಡ, ಶೂ ಹಾಕಿ. ಸ್ಟಾರ್ಟ್ ಆದ ಕೂಡಲೇ ಹೆಡ್ಡಿಗೆ ಆಯಿಲ್ ಹೋಗುವ ಪೈಪಿನ ಬೋಲ್ಟನ್ನು ಸ್ವಲ್ಪ ಸಡಿಲಿಸಿ. ಆಯಿಲ್ ಜಿನುಗಬೇಕು. ಜಿನುಗದಿದ್ದರೆ ಆಗಲೇ ನಿಲ್ಲಿಸಿ.

ನಮ್ಮ ಗಾಡಿ ಬೆಳಿಗ್ಗೆ ಆರಕ್ಕೆ ಶುರುವಾಯಿತು. ಅಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. "ನಿಮ್ಮಪ್ಪಂದು ಇಷ್ಟು ದಪ್ಪ ಧ್ವನಿ ಇರಲಿಲ್ಲ ಕಣೋ" ಅಂದಳು. ಆದರೂ ಅದು ನಿಲ್ಲುವ ತನಕ ಅಲ್ಲೇ ಇದ್ದಳು.

ಮೊದಲ 500 ಕಿಲೋಮೀಟರ್ 50ರ ಮೇಲೆ ಓಡಿಸಬೇಡಿ. ನಾನು ಆನಗೋಡಿನ ತನಕ ಹೋಗಿ ಬರುತ್ತಿದ್ದೆ. ಬೆಳಿಗ್ಗೆ ತಂಪಿನಲ್ಲಿ ಮಾತ್ರ, ಏಕೆಂದರೆ ನಮ್ಮ ಏಪ್ರಿಲ್ ಬಿಸಿಲಿಗೆ ಹೊಸ ಪಿಸ್ಟನ್ ಹಿಡಿದುಕೊಳ್ಳುವ ಭಯ. ಪ್ರತಿ ಸಲ ಬಂದ ಮೇಲೆ ಎಂಜಿನ್ ಬೋಲ್ಟುಗಳಿಗೆ ಸ್ಪ್ಯಾನರ್ ಹಿಡಿದು ನೋಡಿ. ಪ್ಲಗ್ ಬಿಚ್ಚಿ ನೋಡಿ. ಬೆಲ್ಲದ ಬಣ್ಣ ಇದ್ದರೆ ಕಾರ್ಬುರೇಟರ್ ಸರಿ ಇದೆ. ಬಿಳಿಚಿದ್ದರೆ ಪೆಟ್ರೋಲ್ ಕಡಿಮೆ, ಮಸಿ ಇದ್ದರೆ ಜಾಸ್ತಿ. 500 ಆದ ಮೇಲೆ ಆಯಿಲ್ ಬದಲಿಸಿ, ಎಂಜಿನ್ ಪೂರ್ತಿ ತಣಿದ ಮೇಲೆ ಹೆಡ್ ನಟ್ಟುಗಳನ್ನು ಮತ್ತೆ ಬಿಗಿಯಿರಿ.

ಹಳೆ ಎಂಜಿನ್ನನ್ನು ಗುಜರಿಗೆ ಹಾಕಬೇಡಿ. ಪ್ಲಗ್ಗಿನ ತೂತಿನಲ್ಲಿ ಸ್ವಲ್ಪ ಆಯಿಲ್ ಬಿಟ್ಟು, ನಿಧಾನ ತಿರುಗಿಸಿ, ಪೋರ್ಟ್‌ಗಳಿಗೆ ಎಣ್ಣೆ ಬಟ್ಟೆ ತುರುಕಿ, ಮರದ ಪೆಟ್ಟಿಗೆಯಲ್ಲಿಡಿ. ಬಿಚ್ಚಿದ ಪ್ಲೇಟು, ಬೋಲ್ಟು, 16 ಹಲ್ಲಿನ ಸ್ಪ್ರಾಕೆಟ್ಟನ್ನೂ ಅದೇ ಪೆಟ್ಟಿಗೆಗೆ ಹಾಕಿ. ಯಾವ ಸಂದಿಗೆ ಎಷ್ಟು ದಪ್ಪದ ವಾಷರ್ ಬಿತ್ತು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ.