ಹುರುಳಿ ಹಿಟ್ಟು, ಅರಿಶಿನದ ಕಾಗದ, ಬಾವಿಯ ರಾಟೆ

"ಮೇಡಂ, ಕಿಣ್ವ ಅಂದ್ರೆ ಜೀವಕೋಶಕ್ಕೆ ಶಕ್ತಿ ಕೊಡೋದು ಅಲ್ವಾ?"

ಉಡುಪಿ ಹತ್ತಿರದ ಒಂದು ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಕಿಣ್ವ, ಅಂದರೆ ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ಬೇಗ ನಡೆಸುವ ಎನ್‌ಜೈಮಿನ ಬಗ್ಗೆ ಪ್ರತಿ ವರ್ಷ ಈ ಮಾತು ಬರುತ್ತದೆ. ಕೆಲವೊಮ್ಮೆ ಪ್ರಶ್ನೆಯಾಗಿ ಅಲ್ಲ, ಪರೀಕ್ಷೆಯಲ್ಲಿ ಉತ್ತರವಾಗಿಯೇ ಬರುತ್ತದೆ. ಮೊದಲೆಲ್ಲ ಬೋರ್ಡಿನಲ್ಲಿ ಗ್ರಾಫ್ ಬರೆದು, "ಶಕ್ತಿ ಕೊಡುವುದಲ್ಲ, ಕ್ರಿಯೆ ಶುರುವಾಗಲು ಬೇಕಾದ ಶಕ್ತಿಯನ್ನು ಕಡಿಮೆ ಮಾಡುವುದು" ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಮತ್ತೆ ಅದೇ ತಪ್ಪು. ಕಿಣ್ವದ ಕೆಲಸ ಬೇರೆ, ಶಕ್ತಿಯ ಲೆಕ್ಕ ಬೇರೆ ಎಂದು ಕಣ್ಣಾರೆ ತೋರಿಸದೆ ಇದು ಸರಿಯಾಗುವುದಿಲ್ಲ ಅನಿಸಿತು.

ಕಿಣ್ವ ತೋರಿಸಲು ಹುರುಳಿ ಆರಿಸಿಕೊಂಡೆ. ತುಳುವಿನಲ್ಲಿ ಕುಡು. ನಮ್ಮ ಕಡೆ ಅದು ಇಲ್ಲದ ಮನೆ ಕಡಿಮೆ. ಹಸಿ ಹುರುಳಿಯಲ್ಲಿ ಯೂರಿಯೇಸ್ ಎಂಬ ಕಿಣ್ವ ಇದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಗದ್ದೆಗೆ ಹಾಕುವ ಯೂರಿಯಾ ಒಂದು ಚಮಚ ಸಾಕು. ಅಮೋನಿಯಾ ಬಂತೋ ಇಲ್ಲವೋ ನೋಡಲು ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಬಿಳಿ ಕಾಗದದ ಪಟ್ಟಿ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆ, ಆರತಿಯ ಕುರ್ದಿ ನೀರು ನೋಡಿದ ಮಕ್ಕಳಿಗೆ ಇದು ಗೊತ್ತು. ಅಮೋನಿಯಾ ಕೂಡ ಸುಣ್ಣದ ಹಾಗೆಯೇ ಕ್ಷಾರ.

ಹುರುಳಿಯನ್ನು ಮಿಕ್ಸಿಯಲ್ಲಿ ಹಿಟ್ಟು ಮಾಡಿ, ಎರಡು ಚಮಚ ಹಿಟ್ಟನ್ನು ಒಂದು ಲೋಟ ತಣ್ಣೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿದೆವು. ಒಂದು ಟೆಸ್ಟ್ ಟ್ಯೂಬಿನಲ್ಲಿ ಯೂರಿಯಾ ನೀರು ಮತ್ತು ಈ ಸೋಸಿದ ನೀರು, ಇನ್ನೊಂದರಲ್ಲಿ ಯೂರಿಯಾ ನೀರು ಮಾತ್ರ, ಮೂರನೆಯದರಲ್ಲಿ ಹುರುಳಿ ನೀರು ಮಾತ್ರ. ಕೊನೆಯ ಎರಡನ್ನು ದಯವಿಟ್ಟು ಬಿಡಬೇಡಿ. ಅವು ಇಲ್ಲದಿದ್ದರೆ ಬಣ್ಣ ಯಾವುದರಿಂದ ಬಂತು ಎಂದು ಹೇಳಲು ಆಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮೊದಲ ಟ್ಯೂಬಿನ ಪಟ್ಟಿ ಅಂಚಿನಿಂದ ಕೆಂಪಾಗುತ್ತಾ ಬಂತು. ಮೂಗಿಗೂ ಘಾಟು ಬಂತು.

ಒಂದು ಗುಂಪಿನ ಪಟ್ಟಿ ಮಾತ್ರ ಹಳದಿಯಾಗಿಯೇ ಉಳಿಯಿತು. ಅವರ ಹಿಟ್ಟಿನ ಡಬ್ಬಿ ತೆರೆದು ಮೂಸಿದೆ. ಘಮ್ಮೆಂದು ಹುರಿದ ವಾಸನೆ. "ಅಮ್ಮ ಚಟ್ನಿಪುಡಿಗೆ ಅಂತ ಹುರಿದು ಇಟ್ಟಿದ್ರು ಮೇಡಂ" ಎಂದಳು ಹುಡುಗಿ. ಹಸಿ ಹುರುಳಿಯೇ ಬೇಕು ಎಂದು ನಾನು ಹೇಳಿರಲಿಲ್ಲ. ಆದರೆ ಆ ಹಳದಿ ಪಟ್ಟಿಯಿಂದ ಪಾಠ ಇನ್ನೂ ಚೆನ್ನಾಗಿ ನಡೆಯಿತು. ಕಿಣ್ವ ಒಂದು ಪ್ರೋಟೀನು. ಅದು ಮಡಚಿಕೊಂಡಿರುವ ಆಕಾರದಲ್ಲೇ ಅದರ ಕೆಲಸ ಇರುವುದು, ಬಿಸಿಗೆ ಆ ಆಕಾರ ಬಿಚ್ಚಿಕೊಂಡರೆ ಮುಗಿಯಿತು. ಕೋಳಿ ಆಹಾರಕ್ಕೆ ಬಳಸುವ ಸೋಯಾ ಹಿಂಡಿ ಸರಿಯಾಗಿ ಬೆಂದಿದೆಯೇ ಎಂದು ನೋಡಲು ಇಂದಿಗೂ ಅದರಲ್ಲಿ ಯೂರಿಯೇಸ್ ಉಳಿದಿದೆಯೇ ಎಂದು ಪರೀಕ್ಷೆ ಮಾಡುತ್ತಾರೆ. ಕಿಣ್ವ ಪ್ರೋಟೀನು ಎಂಬುದಕ್ಕೆ ಮೊದಲ ಗಟ್ಟಿ ಸಾಕ್ಷಿ ಸಿಕ್ಕಿದ್ದೂ ಇದೇ ಯೂರಿಯೇಸಿನಿಂದ. 1926ರಲ್ಲಿ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಎಂಬ ಕಾಳಿನಿಂದ ಅದನ್ನು ಹರಳಾಗಿ ಬೇರ್ಪಡಿಸಿದರು. ಹದಿನೇಳನೇ ವಯಸ್ಸಿಗೇ ಒಂದು ಕೈ ಕಳೆದುಕೊಂಡಿದ್ದ ಮನುಷ್ಯ. ಬಹಳ ಜನ ಮೊದಲು ನಂಬಲಿಲ್ಲ. 1946ರಲ್ಲಿ ನೊಬೆಲ್ ಬಂತು.

ಇಲ್ಲಿ ನಾನು ಕೇಳಿದೆ: "ಹುರುಳಿ ನೀರು ಯೂರಿಯಾಕ್ಕೆ ಶಕ್ತಿ ಕೊಟ್ಟಿತಾ?" ಇಲ್ಲ. ಯೂರಿಯಾ ತಾನಾಗಿಯೇ ಒಡೆಯಬಲ್ಲದು, ಆದರೆ ಅದಕ್ಕೆ ವರ್ಷಗಟ್ಟಲೆ ಬೇಕು. ಪರ್ಕಳದಿಂದ ಉಡುಪಿಗೆ ಬರುವಾಗ ನಡುವೆ ಮಣಿಪಾಲದ ಗುಡ್ಡ ಹತ್ತಿ ಇಳಿಯಬೇಕಲ್ವಾ? ಆ ಗುಡ್ಡ ಕಡಿದು ರಸ್ತೆ ತಗ್ಗಿಸಿದರೆ ಬಸ್ಸು ಬೇಗ ಬರುತ್ತದೆ. ಆದರೆ ಪರ್ಕಳದ ಎತ್ತರವೂ ಬದಲಾಗುವುದಿಲ್ಲ, ಉಡುಪಿಯ ಎತ್ತರವೂ ಬದಲಾಗುವುದಿಲ್ಲ. ಕಿಣ್ವ ಮಾಡುವುದು ಅಷ್ಟೇ.

ಹಾಗಾದರೆ ತಗ್ಗಿನಿಂದ ಎತ್ತರಕ್ಕೆ ಹೋಗಬೇಕಾದ ಕ್ರಿಯೆ? ಗ್ಲೂಕೋಸಿಗೆ ಫಾಸ್ಫೇಟ್ ಸೇರಿಸಲು ಒಂದು ಮೋಲ್‌ಗೆ (ಅಣುಗಳನ್ನು ಎಣಿಸುವ ಅಳತೆ) ಸುಮಾರು 13.8 ಕಿಲೋಜೂಲ್ ಬೇಕು. ಎಷ್ಟು ಒಳ್ಳೆಯ ಕಿಣ್ವ ಇದ್ದರೂ ಬರೀ ಕಿಣ್ವದಿಂದ ಅದು ಆಗುವುದಿಲ್ಲ. ಎಟಿಪಿ ಎಂದರೆ ಜೀವಕೋಶ ತನ್ನ ಕೆಲಸಗಳಿಗೆ ಶಕ್ತಿಯ ನಾಣ್ಯದ ಹಾಗೆ ಬಳಸುವ ಅಣು. ಅದರಿಂದ ಒಂದು ಫಾಸ್ಫೇಟ್ ನೀರಿಗೆ ಹೋದರೆ ಒಂದು ಮೋಲ್‌ಗೆ 30.5 ಕಿಲೋಜೂಲ್ ಸಿಗುತ್ತದೆ. ಇವೆರಡನ್ನೂ ಜೋಡಿಸಬೇಕು.

ಕಾಲೇಜಿನ ಹಿಂದಿನ ಹಳೆಯ ಬಾವಿಯ ರಾಟೆ ಸುಮ್ನೆ ಇತ್ತು. ಅಟೆಂಡರಣ್ಣ ಅದನ್ನು ಬಿಚ್ಚಿ ಹಲಸಿನ ಮರದ ಕೊಂಬೆಗೆ ಗಟ್ಟಿಯಾಗಿ ಕಟ್ಟಿಕೊಟ್ಟರು. ಹತ್ತು ಕಿಲೋಜೂಲಿಗೆ ಒಂದು ಲೀಟರ್ ಎಂದು ಲೆಕ್ಕ ಹಾಕಿ, ಗ್ಲೂಕೋಸಿನ ಕ್ಯಾನಿಗೆ 1.4 ಲೀಟರ್ ನೀರು, ಎಟಿಪಿಯ ಕ್ಯಾನಿಗೆ 3 ಲೀಟರ್ ತುಂಬಿಸಿದೆವು. ಮೊದಲು ದೊಡ್ಡ ಕ್ಯಾನನ್ನು ಹಾಗೆಯೇ ಮೇಲಿಂದ ಬಿಟ್ಟೆವು. ಧಡ್ ಎಂದು ಬಿತ್ತು, ಮುಚ್ಚಳ ಹಾರಿ ನೀರು ಚೆಲ್ಲಿತು. ಸಣ್ಣ ಕ್ಯಾನು ನೆಲದಲ್ಲಿ ಕೂತಲ್ಲೇ ಇತ್ತು. ಎಟಿಪಿ ಸುಮ್ನೆ ನೀರಲ್ಲಿ ಒಡೆದರೂ ಹೀಗೆಯೇ, ಬರೀ ಶಾಖ. ಮತ್ತೆ ನೀರು ತುಂಬಿಸಿ, ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿ ರಾಟೆಯ ಮೇಲೆ ಹಾಕಿ ಕೈ ಬಿಟ್ಟೆವು. ದೊಡ್ಡದು ಇಳಿಯಿತು, ಸಣ್ಣದು ಏರಿತು.

ಆ ಹಗ್ಗವೇ ಫಾಸ್ಫೇಟ್, ರಾಟೆಯೇ ಹೆಕ್ಸೊಕೈನೇಸ್ ಎಂಬ ಕಿಣ್ವ. ಗ್ಲೂಕೋಸ್ ಬಂದು ಕೂತರೆ ಅದು ಅಂಗೈ ಮುಚ್ಚಿದ ಹಾಗೆ ಮುಚ್ಚಿಕೊಳ್ಳುತ್ತದೆ. ನೀರನ್ನು ಹೊರಗಿಟ್ಟು, ಎಟಿಪಿಯ ಫಾಸ್ಫೇಟನ್ನು ನೇರ ಗ್ಲೂಕೋಸಿಗೇ ದಾಟಿಸುತ್ತದೆ. ಎರಡೂ ಸೇರಿ ಇನ್ನೂ 16.7 ಕಿಲೋಜೂಲಿನಷ್ಟು ಇಳಿಜಾರು ಉಳಿಯುತ್ತದೆ, ಅದಕ್ಕೇ ಕ್ರಿಯೆ ಮುಂದಕ್ಕೆ ಓಡುತ್ತದೆ. 1929ರಲ್ಲಿ ಎಟಿಪಿ ಕಂಡುಹಿಡಿದವರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಒಬ್ಬರು ಎಂದು ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ಹುರಿದ ಹಿಟ್ಟು ತಂದಿದ್ದ ಹುಡುಗಿಯೇ ಕೇಳಿದಳು: "ಕೆಳಗೆ ಬಂದ ದೊಡ್ಡ ಕ್ಯಾನನ್ನು ಮತ್ತೆ ಮೇಲೆ ಹಾಕುವುದು ಯಾರು ಮೇಡಂ?"

ನಾನು ಕಾಯುತ್ತಿದ್ದ ಪ್ರಶ್ನೆ ಅದೇ. ಯಾವುದೇ ಹೊತ್ತಿನಲ್ಲಿ ನಮ್ಮ ದೇಹದಲ್ಲಿ ಎಟಿಪಿ ಕಾಲು ಕಿಲೋಗಿಂತ ಜಾಸ್ತಿ ಇರುವುದಿಲ್ಲ. ಆದರೆ ದಿನಕ್ಕೆ ಖರ್ಚಾಗುವುದು ಹೆಚ್ಚುಕಡಿಮೆ ನಮ್ಮ ತೂಕದಷ್ಟು. ಅಂದರೆ ಅದೇ ಕ್ಯಾನನ್ನು ಯಾರೋ ದಿನಕ್ಕೆ ನೂರಾರು ಸಲ ಮೇಲೆತ್ತುತ್ತಿದ್ದಾರೆ. ಬೆಲ್ ಆಯಿತು. ಕ್ಯಾನನ್ನು ಹಲಸಿನ ಬುಡದಲ್ಲೇ ಬಿಟ್ಟೆವು. ಮರುದಿನ ಉಸಿರಾಟದ ಪಾಠವನ್ನು ಅಲ್ಲಿಂದಲೇ, "ಬೆಳಿಗ್ಗೆ ಏನು ತಿಂದು ಬಂದಿರಿ?" ಎಂದು ಕೇಳಿ ಶುರು ಮಾಡಿದೆ.